ಹೊದಿಕೆಯೋ ಆಕಾರವೋ: ಹಡಗಿನ ಮಾದರಿಗಳಲ್ಲಿ ಹಲಗೆಯ ಚರಿತ್ರೆ

ಮರದ ಹಡಗಿನ ಚಿಕ್ಕ ಮಾದರಿಯನ್ನು ಕಟ್ಟುವವರು ಇಂದು ಅನುಸರಿಸುವ ಕ್ರಮ ಬಹುಮಟ್ಟಿಗೆ ಎಲ್ಲೆಡೆಯೂ ಒಂದೇ ಆಗಿದೆ. ಹಡಗಿನ ತಳದ ಉದ್ದಕ್ಕೂ ಹಾಯುವ ಅಡಿಮರವನ್ನು ಮೊದಲು ಇಟ್ಟು, ಅದಕ್ಕೆ ಅಡ್ಡಲಾಗಿ ಪಕ್ಕೆಮರಗಳನ್ನು ಸಾಲಾಗಿ ನಿಲ್ಲಿಸಿ, ಒಡಲಿನ ಆಕಾರ ಪೂರ್ತಿಯಾಗಿ ಮೂಡಿದ ಮೇಲೆ ತೆಳುವಾದ ಹಲಗೆಪಟ್ಟಿಗಳನ್ನು ಒಂದೊಂದಾಗಿ ಬಾಗಿಸಿ ಅಂಟಿಸಿ ಮೈ ಮುಚ್ಚಲಾಗುತ್ತದೆ. ಈ ಕ್ರಮ ಎಷ್ಟು ರೂಢವಾಗಿದೆಯೆಂದರೆ, ಹಡಗು ಕಟ್ಟುವುದಕ್ಕೆ ಬೇರೊಂದು ದಾರಿ ಇದ್ದೀತೆಂಬ ಶಂಕೆಯೂ ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ನೌಕಾನಿರ್ಮಾಣದ ದೀರ್ಘ ಇತಿಹಾಸದಲ್ಲಿ, ಅನೇಕ ಕಡಲುಗಳಲ್ಲಿ, ಹಲಗೆಯೇ ಮೊದಲು ಬಂದಿತು. ಪಕ್ಕೆಮರ ಅದರ ಹಿಂದೆ ಬಂದಿತು. ಹಲಗೆ ಆಕಾರದ ಮೇಲಿನ ಹೊದಿಕೆಯೋ ಅಥವಾ ಆಕಾರವನ್ನು ಹುಟ್ಟಿಸುವ ವಸ್ತುವೋ ಎಂಬುದು ನೌಕಾನಿರ್ಮಾಣದ ಎರಡು ಪರಂಪರೆಗಳನ್ನು ಬೇರ್ಪಡಿಸುವ ಪ್ರಶ್ನೆ, ಮತ್ತು ಮಾದರಿಗಳ ಚರಿತ್ರೆ ಈ ಪ್ರಶ್ನೆಯೊಂದಿಗೆ ನಿಕಟವಾಗಿ ಹೆಣೆದುಕೊಂಡಿದೆ.

ಈಜಿಪ್ಟಿನ ಗೀಜಾದಲ್ಲಿ ಖುಫುವಿನ ಪಿರಮಿಡ್ಡಿನ ಪಕ್ಕ 1954ರಲ್ಲಿ ದೊರೆತ, ಸುಮಾರು 43 ಮೀಟರ್ ಉದ್ದದ ನಾವೆಯ ಹಲಗೆಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದು ಒಡಲನ್ನು ರೂಪಿಸಲಾಗಿತ್ತು. ಗ್ರೀಕರೂ ರೋಮನರೂ ಹಲಗೆಯ ಅಂಚಿನ ದಪ್ಪದಲ್ಲಿ ಕಂಡಿ ಕೊರೆದು, ಅದರೊಳಗೆ ಚಪ್ಪಟೆಯಾದ ಮರದ ನಾಲಿಗೆಯನ್ನು ಕೂರಿಸಿ, ಮೇಲಿನ ಹಲಗೆಯನ್ನು ಆ ನಾಲಿಗೆಗೆ ಸಿಕ್ಕಿಸಿ, ಎರಡೂ ಕಡೆ ಮರದ ಗೂಟ ಹೊಡೆದು ಭದ್ರಪಡಿಸುತ್ತಿದ್ದರು. ಉತ್ತರ ಯುರೋಪಿನ ಜನರು ಮೇಲಿನ ಹಲಗೆಯ ಅಂಚು ಕೆಳಗಿನದರ ಮೇಲೆ ತುಸು ಹಾಯುವಂತೆ ಇಟ್ಟು ಕಬ್ಬಿಣದ ಮೊಳೆಗಳಿಂದ ಬಿಗಿಯುತ್ತಿದ್ದರು; ನಾರ್ವೆಯಲ್ಲಿ 1904ರಲ್ಲಿ ಅಗೆದು ತೆಗೆದ ಓಸೆಬರ್ಗ್ ನಾವೆ ಇದಕ್ಕೆ ಪ್ರಸಿದ್ಧ ನಿದರ್ಶನ. ಮೂರು ವಿಧಾನಗಳೂ ಬೇರೆ ಬೇರೆಯಾದರೂ ಅವುಗಳ ತಿರುಳು ಒಂದೇ: ಹಲಗೆಗಳು ಒಂದನ್ನೊಂದು ಹಿಡಿದುಕೊಂಡು ಚಿಪ್ಪಿನಂತೆ ನಿಲ್ಲುತ್ತವೆ, ಒಳಗಿನ ಪಕ್ಕೆಮರವನ್ನು ಆ ಚಿಪ್ಪಿಗೆ ಹೊಂದುವಂತೆ ಆಮೇಲೆ ಕೆತ್ತಿ ಸೇರಿಸಲಾಗುತ್ತದೆ. ಒಡಲಿನ ಬಾಗು ಎಷ್ಟಿರಬೇಕೆಂಬುದನ್ನು ಬಡಗಿ ತನ್ನ ಕಣ್ಣಳತೆಯಿಂದ, ಪ್ರತಿಯೊಂದು ಹಲಗೆಯ ಅಂಚನ್ನು ಎಷ್ಟು ಓರೆಯಾಗಿ ಕೆತ್ತಬೇಕೆಂಬ ಅನುಭವದಿಂದ ನಿರ್ಧರಿಸುತ್ತಿದ್ದನು.

ಮೆಡಿಟರೇನಿಯನ್ ಕಡಲಿನಲ್ಲಿ ಈ ಕ್ರಮ ಕ್ರಿಸ್ತಶಕದ ಮೊದಲ ಸಾವಿರ ವರ್ಷಗಳ ಅವಧಿಯಲ್ಲಿ ನಿಧಾನವಾಗಿ ತಿರುವುಮುರುವಾಯಿತು. ಟರ್ಕಿಯ ತೀರದ ಸೆರ್ಚೆ ಲಿಮಾನಿಯಲ್ಲಿ ಮುಳುಗಿದ್ದ 11ನೆಯ ಶತಮಾನದ ಹಡಗಿನಲ್ಲಿ ಹಲಗೆಗಳ ಅಂಚನ್ನು ಜೋಡಿಸುವ ನಾಲಿಗೆಗಳಿಲ್ಲ; ಮುಖ್ಯವಾದ ಪಕ್ಕೆಮರಗಳನ್ನು ಮೊದಲು ನಿಲ್ಲಿಸಿ ಹಲಗೆಗಳನ್ನು ಅವುಗಳಿಗೆ ಹೊಡೆಯಲಾಗಿದೆ. ಅಂಚಿನ ಜೋಡಣೆಗೆ ಬೇಕಾಗಿದ್ದ ಅಪಾರ ಶ್ರಮ ಇದರಿಂದ ಉಳಿಯಿತಾದರೂ ಒಂದು ಹೊಸ ಕಷ್ಟ ಎದುರಾಯಿತು. ಹಲಗೆ ಬರುವ ಮೊದಲೇ ಪಕ್ಕೆಮರದ ಬಾಗು ಗೊತ್ತಾಗಿರಬೇಕಾದರೆ ಹಡಗಿನ ಆಕಾರವನ್ನು ಮುಂಚಿತವಾಗಿ ಬೇರೆಲ್ಲೋ ನಿಶ್ಚಯಿಸಿರಬೇಕು. ಆ 'ಬೇರೆಲ್ಲೋ' ಎಂಬುದು ಮೊದಲು ಅಚ್ಚುಹಲಗೆಯಾಗಿ, ಅನಂತರ ಕಾಗದದ ಮೇಲಿನ ನಕ್ಷೆಯಾಗಿ ಬೆಳೆಯಿತು. ಇಂಗ್ಲೆಂಡಿನ ರಾಣಿ ಮೊದಲನೆಯ ಎಲಿಜಬೆತ್‌ಳ ಕಾಲದ ಮ್ಯಾಥ್ಯೂ ಬೇಕರ್ ಎಂಬ ಹಡಗು ಬಡಗಿ ಬಿಟ್ಟುಹೋದ ಹಸ್ತಪ್ರತಿ ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿನ ಪೀಪ್ಸ್ ಗ್ರಂಥಾಲಯದಲ್ಲಿದೆ. ಹಡಗಿನ ನೀರೊಳಗಿನ ಭಾಗದ ಮೇಲೆ ಒಂದು ದೊಡ್ಡ ಮೀನನ್ನು ಹೊಂದಿಸಿ ತೋರಿಸುವ ಅದರ ಚಿತ್ರ, ನೌಕೆಯ ಆಕಾರ ಕಟ್ಟೆಯಿಂದ ಕಾಗದಕ್ಕೆ ಏರಿದ ಹೊತ್ತಿನ ಸಾಕ್ಷಿಯಾಗಿದೆ. ಎಲ್ಲರೂ ಒಟ್ಟಿಗೆ ಈ ದಾರಿ ಹಿಡಿಯಲಿಲ್ಲ. ಡಚ್ಚರ ನಾಡಿನಲ್ಲಿ, 1671ರಲ್ಲಿ ನಿಕೊಲಾಸ್ ವಿಟ್ಸೆನ್ ಪ್ರಕಟಿಸಿದ ದೊಡ್ಡ ಗ್ರಂಥದಿಂದ ತಿಳಿಯುವಂತೆ, ತಳದ ಹಲಗೆಗಳನ್ನು ತಾತ್ಕಾಲಿಕ ಮರದ ತುಂಡುಗಳಿಂದ ಹಿಡಿದಿಟ್ಟು ಮೊದಲು ಜೋಡಿಸಿ ಆಮೇಲೆ ಒಳಮರಗಳನ್ನು ಕೂರಿಸುವ ರೂಢಿ ಆಗಲೂ ಬಲವಾಗಿತ್ತು. 1697ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನೌಕಾಂಗಣದಲ್ಲಿ ದುಡಿದು ಕಲಿತ ರಷ್ಯದ ಪೀಟರ್ ದೊರೆ, ಅಲ್ಲಿನವರು ನಕ್ಷೆಯ ಶಾಸ್ತ್ರವನ್ನು ಹೇಳಿಕೊಡಲಾರರೆಂದು ಅತೃಪ್ತನಾಗಿ ಇಂಗ್ಲೆಂಡಿಗೆ ಹೋದದ್ದು ಈ ಭೇದದಿಂದಲೇ.

ಮಾದರಿಗಳ ಪೈಕಿ ಹಳೆಯವು ಬಹುಪಾಲು ಧಾರ್ಮಿಕ ಉದ್ದೇಶದವು. ಈಜಿಪ್ಟಿನ ಗೋರಿಗಳಲ್ಲಿಟ್ಟ ಪುಟ್ಟ ನಾವೆಗಳನ್ನು ಸಾಮಾನ್ಯವಾಗಿ ಇಡೀ ಮರದ ತುಂಡಿನಲ್ಲಿ ಕೆತ್ತಲಾಗುತ್ತಿತ್ತು, ಅವುಗಳಲ್ಲಿ ಹಲಗೆಯ ಪ್ರಶ್ನೆಯೇ ಏಳುವುದಿಲ್ಲ. ಯುರೋಪಿನ ಇಗರ್ಜಿಗಳಲ್ಲಿ ನಾವಿಕರು ಹರಕೆಯಾಗಿ ತೂಗಹಾಕುತ್ತಿದ್ದ ಹಡಗುಗಳಲ್ಲಿ ಸ್ಪೇನಿನ ಕತಲೋನಿಯಾ ಪ್ರಾಂತದ ಮತಾರೊ ಊರಿನಿಂದ ಬಂದ, ಈಗ ರಾಟರ್‌ಡ್ಯಾಮಿನ ಸಂಗ್ರಹಾಲಯದಲ್ಲಿರುವ 15ನೆಯ ಶತಮಾನದ ಮಾದರಿ ತೀರ ಅಮೂಲ್ಯವಾದುದು. ಪಕ್ಕೆಮರ ಮತ್ತು ಹಲಗೆಗಳನ್ನು ನಿಜವಾದ ಹಡಗಿನ ರೀತಿಯಲ್ಲೇ ಜೋಡಿಸಿರುವುದರಿಂದ, ಆ ಕಾಲದ ವ್ಯಾಪಾರಿ ನೌಕೆಯ ರಚನೆಯನ್ನು ತಿಳಿಯಲು ವಿದ್ವಾಂಸರು ಮತ್ತೆ ಮತ್ತೆ ಅದರ ಕಡೆಗೆ ತಿರುಗಿದ್ದಾರೆ.

ಆದರೆ ಹಲಗೆಯ ವಿಷಯದಲ್ಲಿ ಅತ್ಯಂತ ಸೋಜಿಗದ ಮಾದರಿಗಳು ಹುಟ್ಟಿದ್ದು 17ನೆಯ ಶತಮಾನದ ಮಧ್ಯದಿಂದ ಮುಂದಿನ ಸುಮಾರು ನೂರು ವರ್ಷಗಳಲ್ಲಿ, ಇಂಗ್ಲೆಂಡಿನಲ್ಲಿ. ರಾಜನ ಯುದ್ಧನೌಕೆಗಳ ನಿರ್ಮಾಣ ಮತ್ತು ದುರಸ್ತಿಯ ಹೊಣೆ ಹೊತ್ತಿದ್ದ ಆಡಳಿತ ಮಂಡಳಿಯಾದ ನೇವಿ ಬೋರ್ಡಿನ ಹೆಸರಿನಲ್ಲೇ ಅವುಗಳನ್ನು ನೇವಿ ಬೋರ್ಡ್ ಮಾದರಿಗಳೆಂದು ಕರೆಯುವ ವಾಡಿಕೆಯಿದೆ. ಹೆಚ್ಚಿನವು ನಿಜವಾದ ಹಡಗಿನ ಒಂದು ಅಡಿಗೆ ಕಾಲು ಅಂಗುಲದಂತೆ, ಅಂದರೆ ನಲವತ್ತೆಂಟರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಿದವು. ಹಡಗಿನ ಸೊಂಟದ ಸುತ್ತ ಹಾಯುವ ದಪ್ಪನೆಯ ಹಲಗೆಸಾಲುಗಳಿಂದ ಮೇಲಕ್ಕೆ ಇವುಗಳ ಮೈಯನ್ನು ಅಚ್ಚುಕಟ್ಟಾಗಿ ಹಲಗೆಯಿಂದ ಮುಚ್ಚಿ, ತೋಪುಗಳ ಕಿಂಡಿ, ಚಿನ್ನದ ಲೇಪದ ಕೆತ್ತನೆ, ಹಿಂಭಾಗದ ಕಿಟಕಿಸಾಲು ಇವೆಲ್ಲವನ್ನೂ ಬೆರಗು ಹುಟ್ಟಿಸುವ ಕುಸುರಿಯಲ್ಲಿ ಮಾಡಲಾಗಿದೆ. ಆ ದಪ್ಪಪಟ್ಟಿಯ ಕೆಳಗೆ ಮಾತ್ರ ಹಲಗೆಯೇ ಇಲ್ಲ. ತಳದ ಅಡ್ಡಮರಗಳೂ ಅವುಗಳ ಪಕ್ಕದಲ್ಲಿ ಹೊಂದಿಕೊಂಡು ಮೇಲೇರುವ ಬಾಗುಮರಗಳೂ ಬರಿಮೈಯಲ್ಲಿ ಕಾಣುತ್ತವೆ. ಅವು ಒಂದರ ಪಕ್ಕ ಒಂದು ಹಾಯುವ ಎಡೆಯಲ್ಲಿ ಸಂದಿಲ್ಲದ ಮರದ ಪಟ್ಟಿ ಮೂಡುತ್ತದೆ, ಅದರ ಮೇಲೆ ಮತ್ತು ಕೆಳಗೆ ಮರ, ಸಂದು, ಮರ, ಸಂದು ಎಂಬ ಲಯಬದ್ಧವಾದ ಸಾಲು. ನಿಜವಾದ ಹಡಗಿನ ಒಳಮರಗಳು ಇಷ್ಟು ಕ್ರಮಬದ್ಧವಾಗಿರಲಿಲ್ಲ. ಮಾದರಿಯವರು ಅದನ್ನು ಸರಳಗೊಳಿಸಿ ಒಂದು ಶೈಲಿಯನ್ನೇ ಮಾಡಿಕೊಂಡಿದ್ದರು. 1669ರ ಸೇಂಟ್ ಮೈಕಲ್ ನೌಕೆಯ, ಗ್ರೀನಿಚ್‌ನಲ್ಲಿರುವ ಮಾದರಿ ಈ ಪದ್ಧತಿಯ ಶ್ರೇಷ್ಠ ಉದಾಹರಣೆಗಳಲ್ಲಿ ಒಂದು.

ಕೆಳಭಾಗವನ್ನು ತೆರೆದಿಟ್ಟದ್ದೇಕೆಂಬುದಕ್ಕೆ ಹಲವು ಉತ್ತರಗಳಿವೆ: ಒಳಗಿನ ರಚನೆ ಕಾಣಲೆಂದು, ಶ್ರಮ ಉಳಿಯಲೆಂದು, ನೋಟಕ್ಕೆ ಚೆಲುವಾಗಿರಲೆಂದು. ಮೂರರಲ್ಲೂ ನಿಜಾಂಶವಿರಬಹುದು. ಆದರೆ ಅವುಗಳಿಗಿಂತ ಆಳವಾದ ಕಾರಣವೊಂದು ಗಮನಿಸತಕ್ಕದ್ದು. ಹಲಗೆಯಿಲ್ಲದೆಯೂ ಹಡಗು ಹಡಗಾಗಿಯೇ ಕಾಣುವುದು, ಅದರ ಆಕಾರವೆಲ್ಲ ಪಕ್ಕೆಮರದಲ್ಲಿ ಅಡಗಿದ್ದಾಗ ಮಾತ್ರ ಸಾಧ್ಯ. ಖುಫುವಿನ ನಾವೆಯನ್ನೋ ಗ್ರೀಕರ ವ್ಯಾಪಾರಿ ಹಡಗನ್ನೋ ಹಲಗೆ ಬಿಟ್ಟು ತೋರಿಸಲು ಹೊರಟರೆ ತೋರಿಸುವುದಕ್ಕೆ ಏನೂ ಉಳಿಯುವುದಿಲ್ಲ. ನೇವಿ ಬೋರ್ಡ್ ಮಾದರಿಯ ಬತ್ತಲೆ ತಳ, ನಕ್ಷೆಯಿಂದ ಪಕ್ಕೆಮರಕ್ಕೆ, ಪಕ್ಕೆಮರದಿಂದ ಹಲಗೆಗೆ ಎಂಬ ಕ್ರಮವನ್ನು ಒಪ್ಪಿಕೊಂಡ ಕಾಲದ ಕೂಸು. ಲಂಡನ್ನಿನ ಕಚೇರಿಯಲ್ಲಿ ಕುಳಿತ ಅಧಿಕಾರಿಗೆ ಹಡಗಿನ ರೇಖೆಗಳನ್ನು ಓದಲು ಕಲಿಸುವ ಸಾಧನವಾಗಿಯೂ ಅದು ನೆರವಾಗಬಲ್ಲದಾಗಿತ್ತು. ದಿನಚರಿಯಿಂದ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಇದಕ್ಕೆ ಒಳ್ಳೆಯ ಸಾಕ್ಷಿ. 1660ರಲ್ಲಿ ನೇವಿ ಬೋರ್ಡಿನ ಅಧಿಕಾರಿಯಾದಾಗ ಹಡಗಿನ ವಿಷಯ ಏನೇನೂ ತಿಳಿಯದಿದ್ದ ಆತ, 1662ರ ಬೇಸಿಗೆಯಲ್ಲಿ ಒಬ್ಬ ಅನುಭವಿ ನಾವಿಕನನ್ನು ಕರೆಸಿಕೊಂಡು ಮಾದರಿಯ ನೆರವಿನಿಂದ ಹಡಗಿನ ಭಾಗಗಳನ್ನು ಕಲಿತನು. ಮುಂದೆ ಖ್ಯಾತ ನಿರ್ಮಾಪಕನಾದ ಆಂಟನಿ ಡೀನ್ ಅದೇ ವರ್ಷ ಒಂದು ಮಾದರಿಯನ್ನು ಕೊಡುವ ಭರವಸೆ ಕೊಟ್ಟದ್ದನ್ನು ಪೀಪ್ಸ್ ತನ್ನ ದಿನಚರಿಯಲ್ಲಿ ಸಂತೋಷದಿಂದ ದಾಖಲಿಸಿದ್ದಾನೆ. ಅದೇ ಮಂಡಳಿಯ ಇನ್ನೊಬ್ಬ ಅಧಿಕಾರಿ ಚಾರ್ಲ್ಸ್ ಸರ್ಜಿಸನ್ ಕೂಡಿಸಿದ ಮಾದರಿಗಳು ಸಸೆಕ್ಸ್‌ನ ಮನೆಯಲ್ಲಿ ಎರಡು ಶತಮಾನ ಉಳಿದು, 20ನೆಯ ಶತಮಾನದಲ್ಲಿ ಅಮೆರಿಕದ ಅನಾಪೊಲಿಸ್‌ನ ನೌಕಾ ಅಕಾಡೆಮಿಯ ಸಂಗ್ರಹಾಲಯವನ್ನು ಸೇರಿದವು.

ಮೇಲಿನ ಅರ್ಧಕ್ಕೆ ಹಾಕಿದ ಹಲಗೆಯಾದರೂ ಸುಲಭದ ಕೆಲಸವಾಗಿರಲಿಲ್ಲ, ಮತ್ತು ಪೂರ್ತಿ ಮುಚ್ಚುವ ಮಾದರಿಯಲ್ಲಿ ಕಷ್ಟ ಇಮ್ಮಡಿ. ಹಡಗಿನ ನಡುಭಾಗದಲ್ಲಿ ಅಡಿಮರದಿಂದ ದಪ್ಪಪಟ್ಟಿಯವರೆಗೆ ಪಕ್ಕೆಮರದ ಮೈಗೆ ನೂಲು ಹಿಡಿದು ಅಳೆದರೆ ಬರುವ ಉದ್ದ, ಮುಂತುದಿಯ ಬಳಿ ಅದೇ ರೀತಿ ಅಳೆದಾಗ ಬರುವ ಉದ್ದಕ್ಕಿಂತ ಬಹಳ ಹೆಚ್ಚು. ಹಿಂತುದಿಯಲ್ಲಿ, ಚುಕ್ಕಾಣಿಯ ಕಂಬದ ಹತ್ತಿರ, ಅದು ಮತ್ತೆ ಹಿಗ್ಗುತ್ತದೆ. ಒಂದೇ ಅಗಲದ ಹಲಗೆಗಳನ್ನು ಉದ್ದಕ್ಕೂ ಓಡಿಸಿದರೆ ಮುಂದೆ ಅವು ಒಂದರ ಮೇಲೊಂದು ಏರುತ್ತವೆ, ಹಿಂದೆ ನಡುನಡುವೆ ಬಾಯಿ ಬಿಡುತ್ತವೆ. ಆದ್ದರಿಂದ ಪ್ರತಿ ಪಕ್ಕೆಮರದ ಮೇಲಿನ ಉದ್ದವನ್ನೂ ಒಂದೇ ಸಂಖ್ಯೆಯ ಪಾಲುಗಳಾಗಿ ಹಂಚಿ ಗುರುತು ಹಾಕಿಕೊಂಡು, ಪ್ರತಿಯೊಂದು ಹಲಗೆಯನ್ನೂ ಆ ಗುರುತುಗಳಿಗೆ ಸರಿಯಾಗಿ ತುದಿಯ ಕಡೆಗೆ ಕಿರಿದುಗೊಳಿಸಬೇಕು. ಕಿರಿದುಗೊಳಿಸುವುದಕ್ಕೂ ಮಿತಿಯಿದೆ: ತುದಿಯಲ್ಲಿ ಅಗಲ ಅರ್ಧಕ್ಕಿಂತ ಕಡಿಮೆಯಾದರೆ ನಿಜವಾದ ಹಡಗಿನಲ್ಲಿ ಅಲ್ಲಿ ಮೊಳೆಯೂ ನಿಲ್ಲುವುದಿಲ್ಲ, ಸಂದಿಗೆ ತುಂಬಿದ ನಾರೂ ನಿಲ್ಲುವುದಿಲ್ಲ. ಅಂಥ ಕಡೆ ಎರಡು ಹಲಗೆಗಳನ್ನು ತುದಿಗಿಂತ ಮೊದಲೇ ನಿಲ್ಲಿಸಿ ಮುಂದಕ್ಕೆ ಒಂದೇ ಹಲಗೆಯನ್ನು ಒಯ್ಯುತ್ತಾರೆ. ಹಿಂದೆ ಹೆಚ್ಚಿನ ಜಾಗ ತುಂಬಲು ಮೊನೆಯಾದ ಬೆಣೆಹಲಗೆಯನ್ನು ನಡುವೆ ಸೇರಿಸುತ್ತಾರೆ. ಹಲಗೆ ತನ್ನ ದಪ್ಪದ ಕಡೆಗೆ ಬಾಗುತ್ತದೆ, ಅಗಲದ ಕಡೆಗೆ ಬಾಗಲು ಒಪ್ಪುವುದಿಲ್ಲ. ಹಾಗಾಗಿ ಹಲಗೆ ನೇರವಾಗಿ ಕಂಡರೂ ಅದನ್ನು ಹೆಚ್ಚು ಅಗಲದ ಹಲಗೆಯಿಂದ ಕತ್ತಿಯಂತೆ ಬಾಗಿಸಿ ಕೊಯ್ಯಬೇಕಾಗುತ್ತದೆ.

ಈ ಲೆಕ್ಕಾಚಾರದಲ್ಲಿ ಮಾದರಿಗೂ ಹಡಗಿಗೂ ಯಾವ ಅಂತರವೂ ಇಲ್ಲವೆಂಬುದು ಗಮನಾರ್ಹ. ದೊಡ್ಡ ಯುದ್ಧನೌಕೆಯ ತಳಕ್ಕೆ ಹಾಕುತ್ತಿದ್ದ ನಾಲ್ಕು ಅಂಗುಲ ದಪ್ಪದ ಓಕ್ ಹಲಗೆ ನಲವತ್ತೆಂಟರಲ್ಲಿ ಒಂದರ ಅಳತೆಯಲ್ಲಿ ಎರಡು ಮಿಲಿಮೀಟರಿಗೆ ಇಳಿಯುತ್ತದೆ, ಆದರೆ ಅದು ಎದುರಿಸುವ ಬಾಗು ಅದೇ ಬಾಗು. ನೌಕಾಂಗಣದಲ್ಲಿ ಮೊದಮೊದಲು ಹಲಗೆಯ ಒಂದು ಮುಖವನ್ನು ಬೆಂಕಿಗೆ ಒಡ್ಡಿ ಇನ್ನೊಂದನ್ನು ಒದ್ದೆಯಾಗಿಟ್ಟು ಬಾಗಿಸುತ್ತಿದ್ದರು. 18ನೆಯ ಶತಮಾನದಲ್ಲಿ ಬಿಸಿಯಾದ ಒದ್ದೆ ಮರಳಿನಲ್ಲಿ ಹೂಳುವ, ಆಮೇಲೆ ಹಬೆಯಲ್ಲಿ ಬೇಯಿಸುವ ವಿಧಾನಗಳು ಬಂದವು. ಮಾದರಿಯವರಿಗೂ ನೀರು ಮತ್ತು ಶಾಖವೇ ಗತಿ. ಅವರು ಓಕ್ ಮರವನ್ನು ಬಿಟ್ಟು ಬಾಕ್ಸ್‌ವುಡ್ ಮತ್ತು ಪೇರ್ ಮರಗಳನ್ನು ಆರಿಸಿಕೊಂಡದ್ದು ಎಳೆಯ ನಯಕ್ಕಾಗಿ. ಓಕಿನ ಒರಟಾದ ಎಳೆ ಚಿಕ್ಕ ಅಳತೆಯಲ್ಲಿ ಮರವನ್ನು ಮರವಾಗಿ ತೋರಿಸದೆ ಬಿರುಕುಗಳ ರಾಶಿಯಾಗಿ ತೋರಿಸುತ್ತದೆ. ಅಕ್ಕಪಕ್ಕದ ಹಲಗೆಗಳ ತುದಿಗಳು ಒಂದೇ ಪಕ್ಕೆಮರದ ಮೇಲೆ ಕೂಡಿದರೆ ಅಲ್ಲಿ ಒಡಲು ದುರ್ಬಲವಾಗುವುದರಿಂದ, ಒಂದು ಪಕ್ಕೆಮರದ ಮೇಲೆ ಎರಡು ಜೋಡಣೆ ಬಂದರೆ ಅವುಗಳ ನಡುವೆ ಕನಿಷ್ಠ ಮೂರು ಇಡೀ ಹಲಗೆಸಾಲು ಇರಬೇಕೆಂಬ ನಿಯಮವಿತ್ತು. ನೀರನ್ನೇ ಕಾಣದ ಮಾದರಿಗೆ ಈ ನಿಯಮ ಅನಗತ್ಯ. ಆದರೂ ಒಳ್ಳೆಯ ಮಾದರಿಗಾರರು ಇದನ್ನು ಮೀರುವುದಿಲ್ಲ, ಮತ್ತು ಆ ನಿಷ್ಠೆಯಿಂದಲೇ ಅವರ ಕೃತಿಗಳು ಆಟಿಕೆಯ ಸಾಲಿನಿಂದ ಹೊರಗೆ ನಿಲ್ಲುತ್ತವೆ.

18ನೆಯ ಶತಮಾನ ಮುಂದುವರಿದಂತೆ ಬತ್ತಲೆ ತಳದ ಶೈಲಿ ಹಿಂದೆ ಸರಿಯಿತು. ಅನೇಕ ಮಾದರಿಗಳ ಒಡಲನ್ನು ಗಟ್ಟಿ ಮರದಲ್ಲಿ ಕೆತ್ತಿ, ಹಲಗೆಯನ್ನು ಗೀರಿನಿಂದಲೋ ಬಣ್ಣದಿಂದಲೋ ಸೂಚಿಸಿ ಬಿಡಲಾಯಿತು. ಇದನ್ನು ಅವನತಿಯೆಂದು ಕರೆಯುವವರಿದ್ದಾರೆ. ಆದರೆ ಪ್ರಶ್ನೆ ಬದಲಾದಾಗ ಮಾದರಿಯೂ ಬದಲಾಗುವುದು ಸಹಜ. ಶತಮಾನದ ಎರಡನೆಯ ಭಾಗದಲ್ಲಿ ನೌಕಾಡಳಿತವನ್ನು ಕಾಡುತ್ತಿದ್ದುದು ಒಳಮರಗಳ ರಚನೆಗಿಂತ ಹೆಚ್ಚಾಗಿ ಹೊರಮೈಯ ರಕ್ಷಣೆ. ಬಿಸಿ ಕಡಲುಗಳಲ್ಲಿ ಹಲಗೆಯನ್ನು ಕೊರೆದು ಜಾಲರಿ ಮಾಡುವ ಹಡಗುಹುಳುವಿನಿಂದ ಪಾರಾಗಲು 1761ರಲ್ಲಿ ಅಲಾರ್ಮ್ ಎಂಬ ಫ್ರಿಗೇಟಿನ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಲಾಯಿತು. ತಾಮ್ರ ಮತ್ತು ಕಬ್ಬಿಣ ಉಪ್ಪುನೀರಿನಲ್ಲಿ ಕೂಡಿದಾಗ ಹಲಗೆ ಹಿಡಿದ ಕಬ್ಬಿಣದ ಮೊಳೆಗಳು ಸವೆದುಹೋಗುವುದು ಆಮೇಲೆ ಗೊತ್ತಾಯಿತು. 1760ರಲ್ಲಿ ನೀರಿಗಿಳಿದ 74 ತೋಪುಗಳ ಬೆಲೋನಾ ಹಡಗಿನ, ತಳಕ್ಕೆಲ್ಲ ತಾಮ್ರ ಹೊದಿಸಿದ ಮಾದರಿಯೊಂದು ಗ್ರೀನಿಚ್‌ನಲ್ಲಿದೆ. ಇಡೀ ನೌಕಾಪಡೆಗೆ ತಾಮ್ರ ಹಾಕಿಸಲು ಮೂರನೆಯ ಜಾರ್ಜ್ ದೊರೆಯ ಮನವೊಲಿಸಲೆಂದು ನೇವಿ ಬೋರ್ಡಿನ ಅಧಿಕಾರಿ ಚಾರ್ಲ್ಸ್ ಮಿಡಲ್‌ಟನ್ ಅದನ್ನು ಬಳಸಿದನೆಂದು ಭಾವಿಸಲಾಗಿದೆ.

ಹಲಗೆಯ ಕೆಲಸ ಅನಿರೀಕ್ಷಿತವಾದ ಕೈಗಳಲ್ಲಿ ಮತ್ತೆ ಮೇಲೆದ್ದಿತು. 1793ರಿಂದ 1815ರವರೆಗೆ ನಡೆದ ಫ್ರೆಂಚ್ ಯುದ್ಧಗಳಲ್ಲಿ ಸೆರೆಸಿಕ್ಕ ಸಾವಿರಾರು ನಾವಿಕರು ಮತ್ತು ಸೈನಿಕರನ್ನು ಇಂಗ್ಲೆಂಡಿನ ಬಂದಿಖಾನೆಗಳಲ್ಲಿ ಇಡಲಾಗಿತ್ತು. ಪೀಟರ್‌ಬರೊ ಬಳಿಯ ನಾರ್ಮನ್ ಕ್ರಾಸ್‌ನಲ್ಲಿ 1797ರಲ್ಲಿ ಅದಕ್ಕೆಂದೇ ಕಟ್ಟಿದ ಶಿಬಿರ ತೆರೆಯಿತು. ಅಡುಗೆಮನೆಯಲ್ಲಿ ಉಳಿದ ದನದ ಮತ್ತು ಕುರಿಯ ಮೂಳೆಗಳನ್ನು ಬೇಯಿಸಿ ಶುಚಿಮಾಡಿ, ತೆಳುವಾದ ಪಟ್ಟಿಗಳಾಗಿ ಸೀಳಿ, ಮರದ ಒಡಲಿನ ಮೇಲೆ ಹಿತ್ತಾಳೆಯ ಸಣ್ಣ ಮೊಳೆಗಳಿಂದ ಒಂದೊಂದಾಗಿ ಹೊಡೆದು ಬಂದಿಗಳು ಬಿಳಿಯ ಹಡಗುಗಳನ್ನು ಕಟ್ಟಿ ಶಿಬಿರದ ಸಂತೆಯಲ್ಲಿ ಮಾರುತ್ತಿದ್ದರು. ನಕ್ಷೆಯಿಲ್ಲದೆ ನೆನಪಿನಿಂದ ಮಾಡಿದ ಈ ಹಡಗುಗಳ ಅಳತೆ ಹಲವು ಕಡೆ ತಪ್ಪಿದೆ, ಕೂವೆಗಳು ಅತಿ ಎತ್ತರವಾಗಿವೆ. ಆದರೂ ಮೂಳೆ ಬಿಸಿ ಮಾಡಿದರೂ ಮರದಷ್ಟು ಬಾಗುವುದಿಲ್ಲವೆಂಬುದನ್ನು ನೆನೆದರೆ ಮೂತಿಯ ಸುತ್ತ ಹೊಂದಿಸಿದ ಆ ಪಟ್ಟಿಗಳ ಬೆಲೆ ತಿಳಿಯುತ್ತದೆ.

ಇದೇ ವರ್ಷಗಳಲ್ಲಿ ಬ್ರಿಟಿಷ್ ನೌಕಾಪಡೆಯ ಹಲಗೆಗೂ ಕನ್ನಡ ನಾಡಿನ ಕಾಡಿಗೂ ನೇರವಾದ ನಂಟು ಬೆಳೆಯಿತು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾದಾಗ ಅಲ್ಲಿನ ತೇಗ, ಮಲಬಾರಿನ ತೇಗದಂತೆಯೇ, ಮುಂಬಯಿಯ ನೌಕಾಂಗಣದತ್ತ ಸಾಗಿತು. 1736ರಲ್ಲಿ ಸೂರತ್ತಿನಿಂದ ಬಂದ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಅವರ ವಂಶದ ಪಾರ್ಸಿ ನಿರ್ಮಾಪಕರು ಅಲ್ಲಿ 1810ರಲ್ಲಿ ಮಿಂಡನ್, 1817ರಲ್ಲಿ ಟ್ರಿಂಕೊಮಲಿ ಮೊದಲಾದ ಯುದ್ಧನೌಕೆಗಳನ್ನು ತೇಗದಿಂದ ಕಟ್ಟಿದರು. ಟ್ರಿಂಕೊಮಲಿ ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲಿದೆ. ತೇಗ ಮೇಲೆನಿಸಲು ಕಾರಣವಿತ್ತು: ಓಕಿನಲ್ಲಿರುವ ಹುಳಿ ಕಬ್ಬಿಣವನ್ನು ತಿನ್ನುತ್ತದೆ, ತೇಗದ ಎಣ್ಣೆ ಅದನ್ನು ಕಾಪಾಡುತ್ತದೆ. ಮರ ಇಲ್ಲಿನದಾದರೂ ಹಡಗಿನ ಆಕಾರ ಲಂಡನ್ನಿನಿಂದ ಕಾಗದದಲ್ಲಿ ಬರುತ್ತಿತ್ತು. ಟ್ರಿಂಕೊಮಲಿಗೆಂದು ಕಳುಹಿಸಿದ ನಕ್ಷೆಗಳನ್ನು ಹೊತ್ತಿದ್ದ ಜಾವಾ ಹಡಗು 1812ರಲ್ಲಿ ಅಮೆರಿಕದವರಿಂದ ನಾಶವಾದಾಗ ಅವುಗಳ ಪ್ರತಿಯನ್ನು ಮತ್ತೆ ಕಳುಹಿಸಬೇಕಾಯಿತು. ಹಲಗೆ ಜೋಡಿಸುವ ದೇಶೀಯ ಜಾಣ್ಮೆ ಮಾತ್ರ ಬೇರೆಯದೇ ಆಗಿತ್ತು. ಪಶ್ಚಿಮ ಭಾರತದ ಬಡಗಿಗಳು ಒಂದು ಹಲಗೆಯ ಅಂಚಿನಲ್ಲಿ ಮೆಟ್ಟಿಲನ್ನು ಕೆತ್ತಿ, ಅದಕ್ಕೆ ಸರಿಯಾಗಿ ಪಕ್ಕದ ಹಲಗೆಯ ಅಂಚನ್ನು ಕೂರಿಸಿ, ನಡುವೆ ಹತ್ತಿ ಮತ್ತು ರಾಳವಿಟ್ಟು ಬಿಗಿಯುತ್ತಿದ್ದರು. ಅಂಚಿಗೂ ಅಂಚಿಗೂ ಸಂಬಂಧ ಕಟ್ಟುವ ಈ ರೀತಿಯಲ್ಲಿ, ಹಲಗೆಯೇ ಆಕಾರವಾಗಿದ್ದ ಹಳೆಯ ಪರಂಪರೆಯ ಕುರುಹು ಕಾಣುತ್ತದೆ.

19ನೆಯ ಶತಮಾನದಲ್ಲಿ ಆ ಪರಂಪರೆಯ ಬೆಲೆಯನ್ನು ಗುರುತಿಸಿದವನು ಫ್ರೆಂಚ್ ನೌಕಾಧಿಕಾರಿ ಫ್ರಾನ್ಸ್ವಾ ಎಡ್ಮಂಡ್ ಪಾರಿ. ಪ್ರಪಂಚ ಸುತ್ತಿದ ಯಾನಗಳಲ್ಲಿ ಅವನು ಯುರೋಪಿನ ಹೊರಗಿನ ನಾವೆಗಳನ್ನು ಅಳೆದು ಬರೆದುಕೊಂಡನು. ಭಾರತದ ಪಶ್ಚಿಮ ಕರಾವಳಿಯ ಪತ್ತೇಮಾರಿಯೂ ಅವುಗಳಲ್ಲಿದೆ. ಆ ಚಿತ್ರಗಳ ಆಧಾರದ ಮೇಲೆ ಪ್ಯಾರಿಸ್ಸಿನ ನೌಕಾ ಸಂಗ್ರಹಾಲಯಕ್ಕೆ ಮಾದರಿಗಳೂ ತಯಾರಾದವು. 20ನೆಯ ಶತಮಾನದಲ್ಲಿ ಮಾದರಿ ಕಟ್ಟುವುದು ಹವ್ಯಾಸವಾಯಿತು. ಹೆರಲ್ಡ್ ಅಂಡರ್‌ಹಿಲ್, ಫ್ರಾನ್ಸಿನ ಜಾನ್ ಬುದ್ರಿಯೊ ಮೊದಲಾದವರ ಗ್ರಂಥಗಳು ಪಕ್ಕೆಮರ ಮೊದಲು ಎಂಬ ಕ್ರಮವನ್ನು ಶಾಸ್ತ್ರೀಯವಾಗಿ ಕಲಿಸಿದವು. ಪೆಟ್ಟಿಗೆಯಲ್ಲಿ ಬರುವ ಇಟಲಿ ಮತ್ತು ಸ್ಪೇನಿನ ಸಾಮಗ್ರಿಗಳು ಪಕ್ಕೆಮರದ ಬದಲು ಪ್ಲೈವುಡ್ಡಿನ ಅಡ್ಡಗೋಡೆಗಳನ್ನಿಟ್ಟು, ಅವುಗಳ ಮೇಲೆ ಮೃದುವಾದ ಮರದ ಒಂದು ಪದರ, ಅದರ ಮೇಲೆ ವಾಲ್‌ನಟ್‌ನಂಥ ಮರದ ತೆಳು ಪದರ ಎಂದು ಎರಡು ಸಲ ಹಲಗೆ ಹೊದಿಸುವ ರೂಢಿಯನ್ನು ತಂದವು. ಹಲಗೆ ಇಲ್ಲಿ ಸಂಪೂರ್ಣವಾಗಿ ಹೊದಿಕೆಯಾಯಿತು.

ಈ ರೂಢಿಯ ಮಿತಿಯನ್ನು ತೋರಿಸಿಕೊಟ್ಟವರು ಒಬ್ಬ ಮಾದರಿಗಾರರೇ ಎಂಬುದು ಈ ಚರಿತ್ರೆಯ ಅತ್ಯಂತ ಸಾರ್ಥಕವಾದ ಅಧ್ಯಾಯ. ಸೈಪ್ರಸ್ಸಿನ ಕೈರೀನಿಯಾ ಬಳಿ 1965ರಲ್ಲಿ ಪತ್ತೆಯಾದ, ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಕಟ್ಟಿದ ಸುಮಾರು 14 ಮೀಟರ್ ಉದ್ದದ ಗ್ರೀಕ್ ವ್ಯಾಪಾರಿ ಹಡಗಿನ ಹಲಗೆಗಳನ್ನು ಕಡಲಿನಿಂದ ತೆಗೆದು ಮತ್ತೆ ಜೋಡಿಸುವ ಕೆಲಸ ರಿಚರ್ಡ್ ಸ್ಟೆಫಿ ಅವರ ಪಾಲಿಗೆ ಬಂದಿತು. ಪೆನ್ಸಿಲ್ವೇನಿಯಾದಲ್ಲಿ ವಿದ್ಯುತ್ ಕೆಲಸದ ವೃತ್ತಿಯಲ್ಲಿದ್ದು ಹಡಗಿನ ಮಾದರಿಗಳನ್ನು ಕಟ್ಟುತ್ತ ಬಂದಿದ್ದ ಅವರು, ಪುರಾತನ ಬಡಗಿ ಏನು ಮಾಡಿದನೆಂದು ತಿಳಿಯಲು ಅವನ ಕ್ರಮವನ್ನೇ ಚಿಕ್ಕ ಅಳತೆಯಲ್ಲಿ ಪುನರಾವರ್ತಿಸಿದರು: ಸಿಕ್ಕ ತುಂಡುಗಳ ಮಾದರಿ, ಒಡಲಿನ ಮಾದರಿ, ಜೋಡಣೆಯ ಮಾದರಿ ಎಂದು ಒಂದರ ಹಿಂದೆ ಒಂದನ್ನು ಕಟ್ಟಿ ನೋಡಿದರು. ನಾಲಿಗೆಗಳ ಕೋನ, ಹಲಗೆಯ ಅಂಚಿನ ಓರೆ, ಪಕ್ಕೆಮರ ಸೇರಿದ ಹಂತ ಇವೆಲ್ಲ ಹಾಗೆ ತಿಳಿದುಬಂದವು. ಅವರ ಅಧ್ಯಯನದ ಆಧಾರದ ಮೇಲೆ ಗ್ರೀಸಿನಲ್ಲಿ ಹಲಗೆ ಮೊದಲು ಎಂಬ ಕ್ರಮದಲ್ಲೇ ಕಟ್ಟಿದ ಪೂರ್ಣ ಗಾತ್ರದ ಪ್ರತಿಕೃತಿ 1985ರಲ್ಲಿ ನೀರಿಗಿಳಿಯಿತು. ಮಾದರಿ ಇಲ್ಲಿ ಪ್ರದರ್ಶನದ ವಸ್ತುವಾಗಿರದೆ ಪುರಾತತ್ತ್ವದ ಪ್ರಮಾಣವೇ ಆಯಿತು.

ಹಿಂದೂ ಮಹಾಸಾಗರದ ತೀರಗಳಲ್ಲಿ ಹಲಗೆ ಮೊದಲು ಎಂಬ ಕ್ರಮ ಸಾವಿರಾರು ವರ್ಷ ಬಾಳಿತು. ಇಲ್ಲಿ ಅಂಚಿನುದ್ದಕ್ಕೂ ತೂತುಗಳನ್ನು ಕೊರೆದು ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿಯುತ್ತಿದ್ದರು. 1340ರ ದಶಕದಲ್ಲಿ ಹೊನ್ನಾವರದ ಸುಲ್ತಾನನ ಆಶ್ರಯದಲ್ಲಿ ಕೆಲಕಾಲ ತಂಗಿದ್ದ ಯಾತ್ರಿಕ ಇಬ್ನ್ ಬತೂತ, ಭಾರತ ಮತ್ತು ಯೆಮನ್ನಿನ ಹೊಲಿದ ಹಡಗುಗಳು ಬಂಡೆಗೆ ತಗುಲಿದಾಗ ಬಳುಕಿ ಉಳಿಯುತ್ತವೆ, ಮೊಳೆ ಹೊಡೆದವು ಒಡೆಯುತ್ತವೆ ಎಂದು ಕಾರಣ ಕೊಟ್ಟಿದ್ದಾನೆ. ಗೋವಾ ಮತ್ತು ಉತ್ತರ ಕನ್ನಡದ ತೀರದಲ್ಲಿ ರಾಂಪಣಿ ಬಲೆ ಬಿಡುತ್ತಿದ್ದ ದೋಣಿಗಳೂ ಹೊಲಿಗೆಯವೇ. ಅಜಂತಾದ ಗುಹೆಯ 5ನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ, ಬಾಬು ಶಂಕರನ್ ಅವರ ನೇತೃತ್ವದ ಕೇರಳದ ಕುಶಲಕರ್ಮಿಗಳು ಗೋವಾದಲ್ಲಿ ಹುರಿ ಮತ್ತು ರಾಳದಿಂದ ಹೊಲಿದು ಕಟ್ಟಿದ ಕೌಂಡಿನ್ಯ ನೌಕೆಯನ್ನು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಸೇರಿಸಲಾಯಿತು. ಚಿತ್ರದಲ್ಲಿ ಅಳತೆಯಾಗಲಿ ಒಳರಚನೆಯಾಗಲಿ ಇಲ್ಲದಿದ್ದುದರಿಂದ, ಕಡಲಿಗೆ ಇಳಿಸುವ ಮೊದಲು ಮದ್ರಾಸಿನ ಐಐಟಿಯಲ್ಲಿ ಮಾದರಿಯೊಂದನ್ನು ನೀರಿನಲ್ಲಿ ಪರೀಕ್ಷಿಸಿ ಅದರ ನಡವಳಿಕೆಯನ್ನು ತಿಳಿಯಲಾಯಿತು. ಇಂಥ ನಾವೆಯ ರಚನೆಯನ್ನು ನಿಜವಾಗಿ ತೋರಿಸುವ ಮಾದರಿಯನ್ನು ಕಟ್ಟಲು ಹೊರಟವರಿಗೆ ನೇವಿ ಬೋರ್ಡಿನ ಮಾದರಿಗಳಿಂದ ಬಂದ ಪಾಠ ಹೆಚ್ಚು ಉಪಯೋಗಕ್ಕೆ ಬಾರದು; ಅವರು ಪಕ್ಕೆಮರವನ್ನು ಬದಿಗಿಟ್ಟು, ಅಡಿಮರಕ್ಕೆ ತಗಲುವ ಮೊದಲ ಹಲಗೆಯ ಅಂಚಿನಲ್ಲಿ ತೂತು ಕೊರೆದು, ದಾರ ಪೋಣಿಸಿಯೇ ಆರಂಭಿಸಬೇಕಾಗುತ್ತದೆ.